ಬೆಂಕಿಯ ಎದುರು ಒಂದೇ ಆಜ್ಞೆ: ಜೇಮ್ಸ್ ಬ್ರೈಡ್‌ವುಡ್

1824ರ ನವೆಂಬರ್ 15ರ ರಾತ್ರಿ. ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದ ಹೈ ಸ್ಟ್ರೀಟಿಗೆ ಹೊಂದಿಕೊಂಡ ಇಕ್ಕಟ್ಟಾದ ಓಣಿಯೊಂದರಲ್ಲಿ, ತಾಮ್ರದ ತಗಡಿನ ಮೇಲೆ ಚಿತ್ರ ಕೆತ್ತುವವರ ಮಳಿಗೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಅಗ್ನಿಶಾಮಕ ಯಂತ್ರಗಳೇನೋ ಬಂದವು. ಆದರೆ ನೀರು ಸಕಾಲಕ್ಕೆ ಸಿಗಲಿಲ್ಲ. ಅಪ್ಪಣೆಗಳಿಗೆ ಮಾತ್ರ ಬರವಿರಲಿಲ್ಲ. ನಗರದ ಅಧಿಕಾರಿಗಳು, ನ್ಯಾಯಾಧೀಶರು, ಪೊಲೀಸರು ಎಲ್ಲರೂ ಆಜ್ಞೆ ಕೊಡುವವರೇ. ಒಬ್ಬರ ಮಾತಿನಂತೆ ಎಳೆದೊಯ್ದ ಯಂತ್ರವನ್ನು ಮತ್ತೊಬ್ಬರ ಮಾತಿನಂತೆ ಹಿಂದಕ್ಕೆಳೆಯಬೇಕಾಯಿತು. ಮರುದಿನ ಟ್ರಾನ್ ಕರ್ಕ್ ಎಂಬ ಹಳೆಯ ಚರ್ಚಿನ ಶಿಖರವೂ ಉರಿದು ಬಿದ್ದಿತು. ಬೆಂಕಿ ಆರುವಷ್ಟರಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತಿದ್ದರು, ನೂರಾರು ಕುಟುಂಬಗಳು ಬೀದಿ ಪಾಲಾಗಿದ್ದವು.

ಆ ದಳದ ಮುಖ್ಯಸ್ಥ ಜೇಮ್ಸ್ ಬ್ರೈಡ್‌ವುಡ್‌ಗೆ ಆಗ ವಯಸ್ಸು 24. ಹುದ್ದೆಗೆ ಬಂದು ಕೆಲವೇ ವಾರಗಳಾಗಿದ್ದವು. ದೂರು ಸಹಜವಾಗಿಯೇ ಆತನ ದಳದ ಮೇಲೆ ಬಂತು. ನಡೆದದ್ದನ್ನು ಪರಿಶೀಲಿಸಿದಾಗ ತಪ್ಪು ಎಲ್ಲಿದೆಯೆಂಬುದು ಸ್ಪಷ್ಟವಾಯಿತು. ಇನ್ನು ಮುಂದೆ ಬೆಂಕಿಯ ಸ್ಥಳದಲ್ಲಿ ದಳದ ಮುಖ್ಯಸ್ಥನದೇ ಅಂತಿಮ ಮಾತು, ಎಷ್ಟೇ ದೊಡ್ಡ ಅಧಿಕಾರಿಯಾದರೂ ಅದರಲ್ಲಿ ಕೈಹಾಕಕೂಡದು ಎಂಬ ವ್ಯವಸ್ಥೆ ಜಾರಿಗೆ ಬಂತು. ಆದರೆ ಅಧಿಕಾರ ಸಿಕ್ಕ ಮಾತ್ರಕ್ಕೆ ನಾಯಕತ್ವ ಸಿಕ್ಕಂತಾಗುವುದೇ? ಅದನ್ನು ಆತ ಮುಂದಿನ ಎಂಟು ವರ್ಷಗಳಲ್ಲಿ ದುಡಿದು ಸಂಪಾದಿಸಿಕೊಂಡ.

ಬ್ರೈಡ್‌ವುಡ್‌ನ ತಂದೆ ಮರಗೆಲಸ ಹಾಗೂ ಕಟ್ಟಡ ನಿರ್ಮಾಣದ ಕಸುಬಿನವನು. ಮಗ ಸರ್ವೆ ವಿದ್ಯೆ ಕಲಿತವನು. ಯಾವ ತೊಲೆ ಎಷ್ಟು ಹೊತ್ತು ತಡೆದೀತು, ಯಾವ ಗೋಡೆ ಎತ್ತ ಬಿದ್ದೀತು ಎಂಬ ತಿಳಿವಳಿಕೆ ಆತನಿಗೆ ಮನೆಯಿಂದಲೇ ಬಂದಿತ್ತು. ಆದ್ದರಿಂದಲೇ ದಳಕ್ಕೆ ಜನರನ್ನು ಆರಿಸುವಾಗ ತೋಳ್ಬಲವೊಂದನ್ನೇ ನೋಡಲಿಲ್ಲ. ಮಾಡಿಗೆ ಕಲ್ಲಹಂಚು ಹೊದಿಸುವವರು, ಬಡಗಿಗಳು, ಗಾರೆಯವರು, ಕೊಳಾಯಿ ಕೆಲಸದವರನ್ನು ಹುಡುಕಿ ತಂದ. ಮಾಡಿನ ಮೇಲೆ ನಡೆಯಲು ಹಂಚಿನವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಬುಧವಾರ ಬೆಳಗಿನ ಜಾವ ನಾಲ್ಕು ಗಂಟೆಗೆ ಕವಾಯತು. ಆ ಹೊತ್ತಿನಲ್ಲಿ ಬೀದಿ ಖಾಲಿ, ಸುತ್ತಲೂ ಕತ್ತಲು; ನಿಜವಾದ ಬೆಂಕಿ ಕರೆಯುವುದೂ ಹೆಚ್ಚಾಗಿ ಅಂಥ ಹೊತ್ತಿನಲ್ಲೇ. ಗದ್ದಲದಲ್ಲಿ ಕೂಗಿದ್ದು ಕೇಳಿಸುವುದಿಲ್ಲವೆಂದು ಸೀಟಿಯ ಸಂಕೇತಗಳನ್ನು ರೂಢಿಸಿದ. ಬೀದಿಯಲ್ಲಿ ನಿಂತು ಕಿಟಕಿಗೆ ನೀರೆರಚುವುದರಿಂದ ಪ್ರಯೋಜನವಿಲ್ಲ, ಒಳಹೊಕ್ಕು ಬೆಂಕಿಯ ಮೂಲಕ್ಕೇ ನೀರು ಹಾಯಿಸಬೇಕು ಎಂಬುದು ಆತನ ಖಚಿತ ಮತ. ಹೊಗೆ ತುಂಬಿದಲ್ಲಿ ನೆಲಕ್ಕೆ ಮುಖವಿಟ್ಟು ತೆವಳಬೇಕು, ಉಸಿರಾಡಲು ಯೋಗ್ಯವಾದ ಗಾಳಿ ಉಳಿದಿರುವುದು ಅಲ್ಲಿಯೇ. ಯಾರೊಬ್ಬನೂ ಒಂಟಿಯಾಗಿ ಒಳಹೋಗಕೂಡದು. ಒಬ್ಬ ಬಿದ್ದರೆ ಎತ್ತಲು ಇನ್ನೊಬ್ಬ ಜೊತೆಗಿರಲೇಬೇಕು. ಇವನ್ನೆಲ್ಲ 1830ರಲ್ಲಿ ಪುಸ್ತಕವಾಗಿಯೂ ಪ್ರಕಟಿಸಿದ.

ಸಮಕಾಲೀನರು ದಾಖಲಿಸಿರುವ ಒಂದು ಪ್ರಸಂಗವುಂಟು. ಉರಿಯುತ್ತಿದ್ದ ಕಬ್ಬಿಣ ಸಾಮಾನಿನ ಅಂಗಡಿಯೊಂದರ ನೆಲಮಾಳಿಗೆಯಲ್ಲಿ ಮದ್ದಿನ ಪೀಪಾಯಿಗಳಿರುವುದು ತಿಳಿಯಿತು. ಬ್ರೈಡ್‌ವುಡ್ ಯಾರನ್ನೂ ಕಳುಹಿಸಲಿಲ್ಲ. ಒದ್ದೆ ಕಂಬಳಿ ಹೊದ್ದು ತಾನೇ ಇಳಿದು, ಒಂದೊಂದಾಗಿ ಹೊತ್ತು ತಂದ. ಇದರ ನಂತರ ಆತನ ಸೀಟಿಗೆ ಮರುಮಾತಾಡುವವರು ಯಾರಿದ್ದಾರು?

1833ರ ಜನವರಿ 1ರಂದು ಲಂಡನ್ನಿನ ಹತ್ತು ವಿಮಾ ಕಂಪನಿಗಳು ತಮ್ಮ ಪ್ರತ್ಯೇಕ ದಳಗಳನ್ನು ಒಂದುಗೂಡಿಸಿ, ಅದರ ಹೊಣೆಯನ್ನು ಬ್ರೈಡ್‌ವುಡ್‌ಗೆ ಒಪ್ಪಿಸಿದವು. ನಿನ್ನೆಯವರೆಗೆ ಬೇರೆ ಬೇರೆ ಧಣಿಗಳ ಉಪ್ಪುಂಡ ಸುಮಾರು 80 ಮಂದಿಯನ್ನು ಒಂದೇ ತಂಡವಾಗಿಸುವುದು ಸುಲಭವಾಗಿರಲಿಲ್ಲ. ಇಲ್ಲಿ ಆತ ಹೊಸ ನೇಮಕಕ್ಕೆ ನಾವಿಕರನ್ನು ಇಷ್ಟಪಟ್ಟ. ಹಗ್ಗ, ಎತ್ತರ, ರಾತ್ರಿ ಪಾಳಿ, ಆಜ್ಞಾಪಾಲನೆ ಎಲ್ಲವೂ ಅವರಿಗೆ ಹಡಗಿನಲ್ಲೇ ಅಭ್ಯಾಸವಾಗಿರುತ್ತಿತ್ತು. ಕೈಪಂಪಿನ ಯಂತ್ರಗಳನ್ನು ಒತ್ತಲು ಮಾತ್ರ ಬೀದಿಯಲ್ಲಿ ನೆರೆದ ಜನರೇ ಗತಿ. ಅವರಿಗೆ ಗಂಟೆಯ ಕೂಲಿ, ಜೊತೆಗೆ ಬಿಯರ್. ಆ ಗುಂಪನ್ನು ಹದ್ದಿನಲ್ಲಿಡುವುದೂ ದಳದ ಕೆಲಸವೇ.

1834ರ ಅಕ್ಟೋಬರ್ 16ರಂದು ಬ್ರಿಟಿಷ್ ಸಂಸತ್ ಭವನ ಹೊತ್ತಿ ಉರಿಯಿತು. ಅದಕ್ಕೆ ವಿಮೆ ಇರಲಿಲ್ಲ. ಕಂಪನಿಗಳ ದಳ ಹೋಗಲೇಬೇಕೆಂಬ ನಿಯಮವೂ ಇರಲಿಲ್ಲ. ಬ್ರೈಡ್‌ವುಡ್ ಹೋದ. ಎರಡೂ ಸದನಗಳು ಕೈತಪ್ಪಿವೆಯೆಂದು ಅರಿವಾದೊಡನೆ ಬಲವನ್ನೆಲ್ಲ ಮಧ್ಯಯುಗದ ವೆಸ್ಟ್‌ಮಿನ್ಸ್ಟರ್ ಹಾಲ್ ಉಳಿಸುವ ಕಡೆಗೆ ತಿರುಗಿಸಿದ. ಅದು ಉಳಿಯಿತು. ಕಳೆದುಹೋದದ್ದರ ಆಸೆ ಬಿಡುವುದು ಬೆಂಕಿಯ ಮುಂದೆ ಅತ್ಯಂತ ಕಠಿಣ ನಿರ್ಧಾರ.

ಆತನಲ್ಲಿ ಹಟವೂ ಇತ್ತು. ಹಬೆ ಯಂತ್ರ ಬಂದರೆ ಜನ ದೂರದಲ್ಲೇ ನಿಂತು ನೀರು ಹಾರಿಸುವುದಕ್ಕೆ ಒಗ್ಗಿಬಿಡುತ್ತಾರೆಂಬ ಶಂಕೆಯಿಂದ ಅದನ್ನು ಬಹುಕಾಲ ದೂರವಿಟ್ಟ. ಬೀದಿಗೆ ಮೊದಲ ಹಬೆ ಯಂತ್ರ ಇಳಿದದ್ದು 1860ರಲ್ಲಿ. ಇದು ಆತನ ದೋಷವೆಂದೇ ಹೇಳಬೇಕು. ಆದರೆ ಥೇಮ್ಸ್ ದಡದ ದೈತ್ಯ ಗೋದಾಮುಗಳು ಯಾವ ದಳದ ಶಕ್ತಿಗೂ ಮೀರಿದವು ಎಂದು ಆತ ನೀಡಿದ್ದ ಎಚ್ಚರಿಕೆ ಸುಳ್ಳಾಗಲಿಲ್ಲ.

1861ರ ಜೂನ್ 22, ಶನಿವಾರ ಸಂಜೆ. ಟೂಲಿ ಸ್ಟ್ರೀಟಿನ ಕಾಟನ್ಸ್ ವಾರ್ಫ್ ಗೋದಾಮಿಗೆ ಬೆಂಕಿ ಬಿತ್ತು. ಒಳಗಿದ್ದದ್ದು ಸೆಣಬು, ಹತ್ತಿ, ಸಕ್ಕರೆ, ಕೊಬ್ಬು. ಬೆಂಕಿ ಹರಡದಂತೆ ತಡೆಯಬೇಕಿದ್ದ ಕಬ್ಬಿಣದ ಬಾಗಿಲುಗಳು ತೆರೆದೇ ಇದ್ದವು. ಎರಡು ತಾಸಿಗೂ ಹೆಚ್ಚು ಕಾಲ ಕಾವಿನಲ್ಲಿ ನಿಂತು ಬಳಲಿದ್ದ ತನ್ನವರ ಬಳಿಗೆ ಹೋಗಿ, ಚೇತರಿಸಿಕೊಳ್ಳಲೆಂದು ಬ್ರೈಡ್‌ವುಡ್ ಬ್ರಾಂದಿ ಹಂಚುತ್ತಿದ್ದ. ಆಗ ಗೋದಾಮಿನ ಗೋಡೆ ಆತನ ಮೇಲೆಯೇ ಕುಸಿಯಿತು. ದೇಹ ಹೊರತೆಗೆಯಲು ಎರಡು ದಿನ ಬೇಕಾಯಿತು. ಬೆಂಕಿ ಪೂರ್ತಿ ಆರಲು ಎರಡು ವಾರ.

ಜೂನ್ 29ರಂದು ಆತನ ಶವಯಾತ್ರೆ ಏಬ್ನಿ ಪಾರ್ಕ್ ರುದ್ರಭೂಮಿಗೆ ಸಾಗಿದಾಗ ನಗರದ ಚರ್ಚುಗಳ ಗಂಟೆಗಳು ಮೊಳಗಿದವು. ಸುಮಾರು 20 ಲಕ್ಷ ಪೌಂಡ್ ನಷ್ಟದಿಂದ ಕಂಗೆಟ್ಟ ವಿಮಾ ಕಂಪನಿಗಳು ಈ ಹೊಣೆ ತಮ್ಮಿಂದಾಗದೆಂದು ಸರ್ಕಾರಕ್ಕೆ ತಿಳಿಸಿದವು. 1865ರಲ್ಲಿ ಕಾಯ್ದೆಯಾಗಿ, 1866ರ ಆರಂಭದಲ್ಲಿ ಲಂಡನ್ನಿನ ಸಾರ್ವಜನಿಕ ಅಗ್ನಿಶಾಮಕ ದಳ ಕೆಲಸ ಶುರುಮಾಡಿತು. ಎಡಿನ್‌ಬರೋದ ಪಾರ್ಲಿಮೆಂಟ್ ಸ್ಕ್ವೇರಿನಲ್ಲಿ ಆತನ ಪ್ರತಿಮೆ ನಿಂತದ್ದು 2008ರಲ್ಲಿ. 1824ರ ಆ ಬೆಂಕಿ ಸುಟ್ಟ ಜಾಗಗಳಲ್ಲಿ ಆ ಚೌಕವೂ ಒಂದು.