ಬಾಂಬರ್ ಪಡೆಯ ನಾಯಕ, ರೋಗಿಗಳ ಸೇವಕ: ಲಿಯೊನಾರ್ಡ್ ಚೆಷೈರ್

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಾಂಬರ್ ವಿಮಾನಗಳಲ್ಲಿ ಹಾರಿದವರು ಸುಮಾರು 1,25,000 ಮಂದಿ. ಅವರಲ್ಲಿ 55,000ಕ್ಕೂ ಹೆಚ್ಚು ಮಂದಿ ಸತ್ತರು. ಅಂಥ ಪಡೆಯಲ್ಲಿದ್ದು 100 ಬಾರಿ ಕಾರ್ಯಾಚರಣೆಗೆ ಹೋಗಿ ಜೀವಂತವಾಗಿ ಮರಳಿದವರು ಲಿಯೊನಾರ್ಡ್ ಚೆಷೈರ್.

1917ರ ಸೆಪ್ಟೆಂಬರ್ 7ರಂದು ಇಂಗ್ಲೆಂಡಿನಲ್ಲಿ ಜನಿಸಿದ ಚೆಷೈರ್, ಕಾನೂನು ಪ್ರಾಧ್ಯಾಪಕರ ಮಗ. ಆಕ್ಸ್‌ಫರ್ಡ್‌ನಲ್ಲಿ ತಾವೂ ಕಾನೂನು ಓದುತ್ತಲೇ ವಿಮಾನ ಹಾರಿಸಲು ಕಲಿತರು. 1940ರ ನವೆಂಬರ್‌ನಲ್ಲಿ ಜರ್ಮನಿಯ ಕಲೋನ್ ನಗರದ ಮೇಲೆ ಹಾರುತ್ತಿದ್ದಾಗ ಅವರ ವಿಮಾನಕ್ಕೆ ಗುಂಡು ತಗುಲಿ ಬೆಂಕಿ ಹತ್ತಿತು. ಆ ವಿಮಾನವನ್ನೇ ಅವರು ಸುರಕ್ಷಿತವಾಗಿ ಮರಳಿ ತಂದರು. 25ನೇ ವಯಸ್ಸಿಗೇ ಗ್ರೂಪ್ ಕ್ಯಾಪ್ಟನ್ ಆದರು. ಆದರೆ ಕುರ್ಚಿಯಲ್ಲಿ ಕೂರುವ ಹುದ್ದೆ ಅವರಿಗೆ ಒಗ್ಗಲಿಲ್ಲ. ಒಂದು ದರ್ಜೆ ಕೆಳಗಿಳಿದು 1943ರ ಕೊನೆಯಲ್ಲಿ 617ನೇ ಸ್ಕ್ವಾಡ್ರನ್ನಿನ ನಾಯಕರಾದರು.

ಲ್ಯಾಂಕಾಸ್ಟರ್ ಎಂಬ ಭಾರಿ ಬಾಂಬರ್‌ಗಳ ಈ ಸ್ಕ್ವಾಡ್ರನ್ ಅದೇ ವರ್ಷದ ಮೇ ತಿಂಗಳಲ್ಲಿ ಜರ್ಮನಿಯ ಅಣೆಕಟ್ಟುಗಳನ್ನು ಒಡೆದು ಹೆಸರಾಗಿತ್ತು. ಹೋದ 19 ವಿಮಾನಗಳಲ್ಲಿ 8 ಮರಳಿರಲಿಲ್ಲ. ನುಗ್ಗಿದ ನೀರಿನಲ್ಲಿ ಕೊಚ್ಚಿಹೋದವರಲ್ಲಿ ಜರ್ಮನರು ಬಲವಂತವಾಗಿ ದುಡಿಸಿಕೊಳ್ಳುತ್ತಿದ್ದ ಪರದೇಶಿ ಕೂಲಿಗಳೂ ಬಹಳ ಮಂದಿ ಇದ್ದರು.

ರಾತ್ರಿ ಹೊತ್ತು ಬಲು ಎತ್ತರದಿಂದ ಎಸೆದ ಬಾಂಬುಗಳು ಗುರಿ ತಪ್ಪಿ ಊರಿನ ಮೇಲೆ ಬೀಳುತ್ತಿದ್ದವು. ಇದಕ್ಕೆ ಚೆಷೈರ್ ಒಂದು ದಾರಿ ಹುಡುಕಿದರು. ನಾಯಕನೇ ತೀರಾ ಕೆಳಕ್ಕೆ ಇಳಿದು ಗುರಿಯ ಮೇಲೆ ಉರಿಯುವ ಗುರುತು ಹಾಕಬೇಕು. ಉಳಿದವರು ಮೇಲಿನಿಂದ ಅದನ್ನು ನೋಡಿ ಬಾಂಬು ಹಾಕಬೇಕು. ಎಲ್ಲರಿಗಿಂತ ಹೆಚ್ಚು ಅಪಾಯ ನಾಯಕನಿಗೇ.

1944ರ ಫೆಬ್ರವರಿಯಲ್ಲಿ ಫ್ರಾನ್ಸಿನ ಲಿಮೋಜ್ ಪಟ್ಟಣದ ವಿಮಾನ ಎಂಜಿನ್ ಕಾರ್ಖಾನೆ ಅವರ ಗುರಿಯಾಗಿತ್ತು. ಕಾರ್ಖಾನೆ ಜರ್ಮನರ ಕೈಯಲ್ಲಿದ್ದರೂ ಒಳಗೆ ರಾತ್ರಿ ಪಾಳಿಯಲ್ಲಿ ದುಡಿಯುತ್ತಿದ್ದವರು ಫ್ರೆಂಚ್ ಹೆಣ್ಣುಮಕ್ಕಳು. ಚೆಷೈರ್ ಛಾವಣಿಗೆ ತಾಗುವಷ್ಟು ಕೆಳಗೆ ಮೂರು ಬಾರಿ ಹಾರಿ, ಅವರು ಹೊರಗೆ ಓಡಿಹೋಗಲು ಎಚ್ಚರಿಕೆ ಕೊಟ್ಟರು. ನಾಲ್ಕನೇ ಬಾರಿಗಷ್ಟೇ ಗುರುತು ಹಾಕಿದರು. ಕಾರ್ಖಾನೆ ನಾಶವಾಯಿತು.

ಅದೇ ವರ್ಷ ಅವರಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಒಂದು ದಿನದ ಸಾಹಸಕ್ಕಲ್ಲ, ನಾಲ್ಕು ವರ್ಷಗಳ ಎಡೆಬಿಡದ ಸೇವೆಗೆ.

1945ರ ಆಗಸ್ಟ್ 9ರಂದು ನಾಗಾಸಾಕಿಯ ಮೇಲೆ ಅಣುಬಾಂಬು ಬಿದ್ದಾಗ ಬ್ರಿಟನ್ನಿನ ವೀಕ್ಷಕರಾಗಿ ಚೆಷೈರ್ ಇನ್ನೊಂದು ವಿಮಾನದಲ್ಲಿದ್ದರು. ಆ ಮೋಡವನ್ನು ದೂರದಿಂದ ಕಂಡರು. ಮರುವರ್ಷ ವಾಯುಪಡೆ ಬಿಟ್ಟರು. ಹಾಗೆಂದು ತಾವು ಮಾಡಿದ ಯುದ್ಧವನ್ನು ಅವರು ತಳ್ಳಿಹಾಕಲಿಲ್ಲ. ಶಾಂತಿ ಬಂದ ಮೇಲೆ ಮಾಡಬೇಕಾದ್ದೇನು ಎಂಬುದೇ ಅವರನ್ನು ಕಾಡಿತು. ಮಾಜಿ ಸೈನಿಕರಿಗಾಗಿ ಕಟ್ಟಿದ ಸಮುದಾಯ ಮುರಿದುಬಿತ್ತು. ಸಾಲ ಮತ್ತು ಒಂದು ದೊಡ್ಡ ಮನೆ ಮಾತ್ರ ಉಳಿದವು.

1948ರಲ್ಲಿ ಆ ಸಮುದಾಯದಲ್ಲಿದ್ದ ಆರ್ಥರ್ ಡೈಕ್ಸ್ ಎಂಬವರು ಕ್ಯಾನ್ಸರ್‌ನಿಂದ ಸಾಯುತ್ತಿದ್ದರು. ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಚೆಷೈರ್ ಅವರನ್ನು ಮನೆಗೆ ಕರೆತಂದು, ಅಡುಗೆ ಮಾಡಿ, ಮೈ ಒರೆಸಿ, ಕೊನೆಯ ತನಕ ಆರೈಕೆ ಮಾಡಿದರು. ಸುದ್ದಿ ತಿಳಿದು ಇನ್ನಷ್ಟು ರೋಗಿಗಳು ಬಂದರು. ಹೀಗೆ ಮೊದಲ ಚೆಷೈರ್ ಹೋಮ್ ಹುಟ್ಟಿತು.

1950ರ ದಶಕದಲ್ಲಿ ಅವರು ಭಾರತಕ್ಕೂ ಬಂದರು. ಮುಂಬೈಯ ಅಂಧೇರಿಯಲ್ಲಿ ಅಂಗವಿಕಲರಿಗಾಗಿ ಮನೆ ತೆರೆದರು. 1959ರಲ್ಲಿ ಮುಂಬೈಯಲ್ಲೇ ಸಮಾಜಸೇವಕಿ ಸೂ ರೈಡರ್ ಅವರನ್ನು ಮದುವೆಯಾದರು. ದಂಪತಿ ಡೆಹರಾಡೂನ್‌ನಲ್ಲಿ ರಫೇಲ್ ಕೇಂದ್ರವನ್ನು ಸ್ಥಾಪಿಸಿದರು. ನಮ್ಮ ಬೆಂಗಳೂರಿನಲ್ಲೂ ಚೆಷೈರ್ ಹೋಮ್ ಇದೆ.

1992ರ ಜುಲೈ 31ರಂದು ಚೆಷೈರ್ ತೀರಿಕೊಂಡರು. ಕೊನೆಗಾಲದಲ್ಲಿ ಕೈಕಾಲುಗಳ ಬಲ ಕುಂದಿಸುವ ನರರೋಗ ಅವರಿಗೇ ಬಂದು, ತಾವು ಸೇವೆ ಮಾಡಿದವರಂತೆಯೇ ಇತರರ ಆಸರೆಯಲ್ಲಿ ಬದುಕಿದರು. ಅವರ ಪದಕಗಳನ್ನು ಇತಿಹಾಸದ ಪುಸ್ತಕಗಳು ನೆನೆಯುತ್ತವೆ. ಸಾಯುತ್ತಿದ್ದ ಒಬ್ಬನಿಗೆ ಅವರು ತೆರೆದ ಬಾಗಿಲು ಇಂದಿಗೂ ಹಲವು ದೇಶಗಳಲ್ಲಿ ತೆರೆದೇ ಇದೆ.