ಮಿಷಿನ್ ಬರೋ ಮುಂಚೆನೇ ಪ್ರೋಗ್ರಾಮ್

ಪೈಥಾನ್ ಲ್ಯಾಬ್‌ನಲ್ಲಿ ಹೆಸರುಗಳನ್ನ ಅಕ್ಷರಕ್ರಮದಲ್ಲಿ ಜೋಡಿಸಿ ಅಂದ್ರೆ ನಾವು ಸಾರ್ಟ್ ಅಂತ ಒಂದು ಸಾಲು ಬರೆದು ಕೂತ್ಕೋತೀವಿ. ಅದರೊಳಗೆ ನಡೆಯೋ ಮರ್ಜ್ ಕೆಲಸವನ್ನ 1945ರಲ್ಲೇ ಬರೆದವರು ಜಾನ್ ವಾನ್ ನ್ಯೂಮನ್.

ಹುಟ್ಟಿದ್ದು 1903ರಲ್ಲಿ, ಬುಡಾಪೆಸ್ಟ್‌ನಲ್ಲಿ. ಇಷ್ಟ ಗಣಿತ, ಆದ್ರೆ ಅದರಲ್ಲಿ ದುಡ್ಡಿಲ್ಲ ಅನ್ನೋದು ಅಪ್ಪನ ಚಿಂತೆ. ಹಾಗಾಗಿ ಜ್ಯೂರಿಕ್‌ನಲ್ಲಿ ಕೆಮಿಕಲ್ ಎಂಜಿನಿಯರಿಂಗ್, ಜೊತೆಗೇ ಬುಡಾಪೆಸ್ಟ್‌ನಲ್ಲಿ ಗಣಿತದ ಪಿಎಚ್‌ಡಿ. (ಮೊದಲರ್ಧ ನಮ್ಮ ಎಷ್ಟೋ ಮನೆಗಳ ಕಥೆನೇ!) ಆಮೇಲೆ ಅಮೆರಿಕದ ಪ್ರಿನ್ಸ್‌ಟನ್. ಯುದ್ಧದಲ್ಲಿ ಅಣುಬಾಂಬ್ ಕೆಲಸಕ್ಕೂ ಕೈ ಹಾಕಿದ್ರು, ಅದನ್ನ ನಾವು ಮುಚ್ಚಿಡೋ ಹಾಗಿಲ್ಲ.

ಎಡ್ವ್ಯಾಕ್ ಕಂಪ್ಯೂಟರ್ ಆಗಿನ್ನೂ ಕಾಗದದ ಮೇಲಿತ್ತು. ಅದು ಬರೀ ಲೆಕ್ಕ ಮಾಡುತ್ತಾ, ಜೋಡಿಸೋ ಕೆಲಸಕ್ಕೂ ಒಗ್ಗುತ್ತಾ ಅಂತ ಪರೀಕ್ಷಿಸೋಕೆ ಕೈಯಲ್ಲೇ ಪ್ರೋಗ್ರಾಮ್ ಬರೆದ್ರು. ಕ್ರಮದಲ್ಲಿರೋ ಎರಡು ಪಟ್ಟಿಗಳ ಮೊದಲ ಸಂಖ್ಯೆಗಳನ್ನ ಹೋಲಿಸಿ, ಚಿಕ್ಕದನ್ನ ಹೊಸ ಪಟ್ಟಿಗೆ ಹಾಕಿ, ಮತ್ತೆ ಹೋಲಿಸೋದು. ಸಂಖ್ಯೆಯ ಜೊತೆ ಅದಕ್ಕೆ ಸೇರಿದ ಮಾಹಿತಿನೂ ಸಾಗ್ಬೇಕು, ರೋಲ್ ನಂಬರ್ ಹಿಂದೆ ಹೆಸರು ಬಂದ ಹಾಗೆ. ರನ್ ಮಾಡಿ ನೋಡೋಕೆ ಮಿಷಿನ್ನೇ ಇಲ್ಲ, ಎರರ್ ಮೆಸೇಜ್ ಎಲ್ಲಿಂದ ಬರ್ಬೇಕು?

1957ರಲ್ಲಿ, 53ನೇ ವಯಸ್ಸಿಗೆ, ಕ್ಯಾನ್ಸರ್ ಅವರನ್ನ ಬಲಿ ತಗೊಂಡಿತು. ಕಂಪ್ಯೂಟರ್ ಮತ್ತು ಮಿದುಳನ್ನ ಹೋಲಿಸಿ ಬರೀತಿದ್ದ ಉಪನ್ಯಾಸಗಳು ಅರ್ಧಕ್ಕೇ ನಿಂತವು. ಮರುವರ್ಷ ಅಷ್ಟನ್ನೇ ಪುಸ್ತಕವಾಗಿ ಅಚ್ಚು ಹಾಕಿದ್ರು.