ಮುಖದಿಂದ ಊರಿನತ್ತ ಸಾಗಿದ ಕುಂಚ: ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು

ಗೋರೆಗಾಂವ್: ಊರಿನ ಹಿರಿಯರ ಭಾವಚಿತ್ರವಿಲ್ಲದ ತುಳು-ಕನ್ನಡಿಗರ ಮನೆ ಗೋರೆಗಾಂವ್ ಪರಿಸರದಲ್ಲಿ ಸಿಗುವುದು ಕಷ್ಟ. ಹತ್ತಡಿ ಕೋಣೆಯ ಚಾಳಿನಲ್ಲೂ ಅಜ್ಜನ ಪಟಕ್ಕೊಂದು ಮೊಳೆ ಇದ್ದೇ ಇರುತ್ತಿತ್ತು. ನಾವು ಯಾರ ಮಕ್ಕಳು, ಯಾವ ಊರಿನವರು ಎಂಬುದನ್ನು ಆ ಪಟವೇ ಹೇಳುತ್ತಿತ್ತು. ಇದೇ ಪ್ರಶ್ನೆಯನ್ನು ಕುಂಚದಲ್ಲಿ ಬದುಕಿನುದ್ದಕ್ಕೂ ಕೇಳಿಕೊಂಡವರು ನಾಡಿನ ಹೆಮ್ಮೆಯ ಕಲಾವಿದ ದಿ. ಕೆ.ಕೆ. ಹೆಬ್ಬಾರರು.

1911ರಲ್ಲಿ ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿದ ಹೆಬ್ಬಾರರು ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಕೆಲಕಾಲ ಕಲಿತು, ಬಳಿಕ ಮುಂಬಯಿಯನ್ನು ಕರ್ಮಭೂಮಿಯಾಗಿಸಿಕೊಂಡರು. ಸರ್ ಜೆ.ಜೆ. ಕಲಾಶಾಲೆಯಲ್ಲಿ ಶಿಕ್ಷಣ ಮುಗಿಸಿ, 1940ರಿಂದ 1945ರವರೆಗೆ ಅಲ್ಲಿಯೇ ಅಧ್ಯಾಪಕರಾಗಿದ್ದರು. ನಂತರ ಕುಂಚವನ್ನೇ ನಂಬಿದರು. ತಿಂಗಳ ಸಂಬಳವಿಲ್ಲದೆ ಮುಂಬಯಿಯಲ್ಲಿ ಸಂಸಾರ ನಡೆಸುವುದೆಂದರೇನೆಂದು ಇಲ್ಲಿಯ ಓದುಗರಿಗೆ ವಿವರಿಸಬೇಕಾಗಿಲ್ಲ.

ಮಾದರಿ ವ್ಯಕ್ತಿಯನ್ನು ಎದುರಿಗೆ ಕುಳ್ಳಿರಿಸಿ, ಅಳತೆ ತಪ್ಪದೆ, ನೆರಳು-ಬೆಳಕು ಹಿಡಿದು ಬರೆಯುವ ಪಾಶ್ಚಾತ್ಯ ಪದ್ಧತಿ ಆ ಕಾಲದ ಕಲಾಶಾಲೆಗಳದ್ದು. ಹೆಬ್ಬಾರರಿಗೆ ಅದು ಕರಗತವಾಗಿತ್ತು. ಆದರೆ ಅಷ್ಟರಿಂದ ಅವರಿಗೆ ತೃಪ್ತಿಯಾಗಲಿಲ್ಲ. ಮುಖದ ಹೋಲಿಕೆ ಬಂದರೂ ಬರೆದ ರೀತಿ ಪರದೇಶದ್ದಾದರೆ ಅದು ನಮ್ಮ ಜನರ ಚಿತ್ರವಾದೀತೇ? ಉತ್ತರ ಹುಡುಕುತ್ತಾ ಅವರು ಅಜಂತಾ ಭಿತ್ತಿಚಿತ್ರಗಳತ್ತ, ಜೈನ ಹಸ್ತಪ್ರತಿಗಳತ್ತ, ರಜಪೂತ ಚಿಕಣಿ ಚಿತ್ರಗಳತ್ತ ತಿರುಗಿದರು. ಮಲಬಾರಿನ ಹಸಿರು, ಕೆಮ್ಮಣ್ಣು, ಅಲ್ಲಿಯ ಹೆಂಗಸರು ಅವರ ಕ್ಯಾನ್‌ವಾಸಿಗೆ ಬಂದರು. 1949-50ರಲ್ಲಿ ಪ್ಯಾರಿಸಿನ ಅಕಾಡೆಮಿ ಜೂಲಿಯಾದಲ್ಲಿ ಕಲಿತು ಬಂದ ಮೇಲೂ ಊರಿನ ನೆನಪು ಮಾಸಲಿಲ್ಲ.

ಅವರ ಕೋಳಿ ಅಂಕದ ಚಿತ್ರಗಳನ್ನೇ ನೋಡಬಹುದು. ಅಲ್ಲಿ ಇಂಥವನೇ ಎಂದು ಗುರುತಿಸುವಂತಹ ಮುಖವಿಲ್ಲ. ಮೈಯ ಬಾಗು, ರೆಕ್ಕೆಯ ಬೀಸು, ಸುತ್ತ ಸೇರಿದ ಜನ, ಇಷ್ಟೇ. ಆದರೂ ತುಳುನಾಡಿನವನಿಗೆ ಅದು ತನ್ನೂರಿನ ಗದ್ದೆಯೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಪಟದ ಅಜ್ಜನಿಗಿಂತಲೂ ಇದು ಒಂದು ತೂಕ ಹೆಚ್ಚಿನ ಭಾವಚಿತ್ರವೆನ್ನಬೇಕು. ಹಸಿದವರು, ಕೂಲಿಕಾರರು, ಕುಣಿಯುವವರು ಕೂಡ ಅವರಲ್ಲಿ ಹೀಗೆಯೇ ಮೂಡಿದರು.

ರೇಖೆಗೆ ಲಯ ಬೇಕೆಂದು ಅವರು ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದ್ದು ವಿಶೇಷ. ಚಿತ್ರ ಬರೆಯಲು ಕುಣಿಯುವುದೇಕೆ ಎನ್ನುವವರು ಅವರ ರೇಖಾಚಿತ್ರಗಳನ್ನು ನೋಡಬೇಕು. ನಾಲ್ಕೇ ಗೆರೆಯಲ್ಲಿ ಒಬ್ಬ ಮನುಷ್ಯ ಎದ್ದು ನಿಲ್ಲುತ್ತಾನೆ. 'ದಿ ಸಿಂಗಿಂಗ್ ಲೈನ್' ಎಂಬ ಹೆಸರಿನಲ್ಲಿ ಅವರ ರೇಖಾಚಿತ್ರಗಳು ಪುಸ್ತಕವಾಗಿ ಬಂದಿವೆ.

ಪದ್ಮಶ್ರೀ (1961), ಪದ್ಮಭೂಷಣ (1989) ಗೌರವಗಳು ಅವರಿಗೆ ಸಂದವು. ಅವರ ಪುತ್ರಿ ರೇಖಾ ರಾವ್ ಕೂಡ ಹೆಸರಾಂತ ಕಲಾವಿದೆ. ಹೆಬ್ಬಾರರು 1996ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ನಿಧನ ಹೊಂದಿದರು. ಅವರ ಕೃತಿಗಳು ದಿಲ್ಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲೂ ಬೆಂಗಳೂರಿನ ವೆಂಕಟಪ್ಪ ಕಲಾ ಗ್ಯಾಲರಿಯ ಸಂಗ್ರಹದಲ್ಲೂ ಇವೆ.